ಆ ಗುಳಿಗೆಯಲ್ಲಿರುವುದು ಯಾರ ಊಟದ ಮೀನು? ನಾರ್ವೆಯ ಮೀನುಗಾರಿಕೆ ಸಚಿವರಿಗೊಂದು ಬಹಿರಂಗ ಪತ್ರ

ನಾರ್ವೆ ಸರ್ಕಾರದ ಮೀನುಗಾರಿಕೆ ಮತ್ತು ಸಾಗರ ನೀತಿಯ ಮಾನ್ಯ ಸಚಿವರಿಗೆ,

ನಮಸ್ಕಾರ.

ನಾನು ಮಲ್ಪೆಯವನು. ಆರು ವರ್ಷದಿಂದ ನಿಮ್ಮ ಬರ್ಗೆನ್ ಊರಿನಲ್ಲಿದ್ದೇನೆ. ಕೆಲಸ ಕಂಪ್ಯೂಟರಿನದ್ದು. ಮೀನು ನನಗೆ ಕಸುಬಲ್ಲ, ಆದರೆ ನಾನು ಓದಿದ್ದು ಮೀನಿನ ದುಡ್ಡಿನಲ್ಲೇ. ಅಜ್ಜ ರಂಪಣಿ ಬಲೆ ಎಳೆದವರು. ಅಮ್ಮ ಇಪ್ಪತ್ತು ವರ್ಷ ತಲೆಯ ಮೇಲೆ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರಿದವರು.

ಈ ಪತ್ರದ ನಾರ್ವೇಜಿಯನ್ ಪ್ರತಿಯನ್ನು ನಿಮ್ಮ ಕಚೇರಿಗೆ ಕಳಿಸಿದ್ದೇನೆ. ಮತ್ತೆ ಕನ್ನಡದಲ್ಲಿ ಯಾಕೆ ಅಂತ ಕೇಳಬಹುದು. 2025ರ ಅಕ್ಟೋಬರ್ 1ರಿಂದ ಭಾರತ ಮತ್ತು ಎಫ್ಟಾ (ಯುರೋಪಿನ ನಾಲ್ಕು ದೇಶಗಳ ವ್ಯಾಪಾರ ಕೂಟ) ದೇಶಗಳ ವ್ಯಾಪಾರ ಒಪ್ಪಂದ ಜಾರಿಗೆ ಬಂದಿದೆ, ಎಫ್ಟಾದಲ್ಲಿ ನಿಮ್ಮ ದೇಶವೂ ಇದೆ. ಬೆಂಗಳೂರಿನ ಸುಶಿ ಹೋಟೆಲುಗಳಲ್ಲಿ ನಾರ್ವೆ ಸಾಲ್ಮನ್ ಈಗಾಗಲೇ ಸಿಗುತ್ತದೆ, ಇನ್ನು ಮುಂದೆ ಜಾಸ್ತಿ ಸಿಗಬಹುದು. ತಿನ್ನುವವರಲ್ಲಿ ನಮ್ಮವರೂ ಇರುತ್ತಾರೆ. ಅವರೂ ಓದಲಿ ಅಂತ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಕಳೆದ ಬೇಸಿಗೆಯಲ್ಲಿ ಅಮ್ಮ ಇಲ್ಲಿಗೆ ಬಂದಿದ್ದರು. ಬೆಟ್ಟಗಳ ನಡುವೆ ಕಡಲು ಒಳನುಗ್ಗಿದ ಫ್ಯೋರ್ಡ್ ತೋರಿಸೋಣ, ಜೊತೆಗೆ ಸಾಲ್ಮನ್ ಸಾಕುವ ಜಾಗವನ್ನೂ ತೋರಿಸೋಣ ಅಂತ ಒಂದು ಪ್ರದರ್ಶನ ಕೇಂದ್ರಕ್ಕೆ ಕರೆದುಕೊಂಡು ಹೋದೆ. ಕಿತ್ತಳೆ ಬಣ್ಣದ ಜಾಕೆಟ್ ತೊಡಿಸಿ ದೋಣಿಯಲ್ಲಿ ಕೂರಿಸಿದರು. ನೀರಿನಲ್ಲಿ ದೊಡ್ಡ ದೊಡ್ಡ ಉಂಗುರದ ಹಾಗೆ ಬಲೆಯ ಪಂಜರಗಳು. ಪಕ್ಕದಲ್ಲಿ ಒಂದು ತೇಲುವ ಕಟ್ಟಡ, ಅಲ್ಲಿಂದ ಕಪ್ಪು ಪೈಪುಗಳಲ್ಲಿ ಗಾಳಿ ಒತ್ತಿ ಮೀನಿಗೆ ಆಹಾರ ಎರಚುತ್ತಾರೆ. ಅಮ್ಮನಿಗೆ ಎಲ್ಲವೂ ಬೆರಗು. ಸಾಲ್ಮನ್‌ನ ಕೇಸರಿ ಬಣ್ಣವೂ ಆಹಾರದಲ್ಲಿ ಬೆರೆಸುವ ಅಸ್ಟಾಕ್ಸಾಂಥಿನ್ ಎಂಬ ಬಣ್ಣದ ಪದಾರ್ಥದಿಂದ ಬರುವುದು, ಅದಿಲ್ಲದಿದ್ದರೆ ಮಾಂಸ ಬೂದಿ ಬಣ್ಣಕ್ಕಿರುತ್ತದೆ ಎಂದು ಗೈಡ್ ಹುಡುಗಿ ಹೇಳಿದಾಗ ಅವರು ಬಿದ್ದು ಬಿದ್ದು ನಕ್ಕರು. ಆಮೇಲೆ ಆ ಹುಡುಗಿ ಒಂದು ಡಬ್ಬಿಯಿಂದ ನಾಲ್ಕೈದು ಕಂದು ಗುಳಿಗೆ ತೆಗೆದು ಅವರ ಅಂಗೈಗೆ ಹಾಕಿದಳು. ಅಮ್ಮ ಮೂಸಿ ನೋಡಿದರು. ನಗು ನಿಂತಿತು.

"ಇದು ನಮ್ಮ ಫಿಶ್‌ಮಿಲ್ಲಿನ ವಾಸನೆ ಅಲ್ವಾ ಮಾರಾಯಾ?" ಅಂದರು.

ಹೌದು, ಅದೇ ವಾಸನೆ. ನಮ್ಮ ಕರಾವಳಿಯಲ್ಲಿ ಮುಕ್ಕ, ಉಳ್ಳಾಲ ಅಂತ ಫಿಶ್‌ಮಿಲ್ ಇರುವ ಊರುಗಳ ಹತ್ತಿರ ಬಸ್ಸಿನಲ್ಲಿ ಹೋದವರಿಗೆಲ್ಲ ಈ ವಾಸನೆ ಗೊತ್ತು. ಮೀನನ್ನು ಬೇಯಿಸಿ, ಹಿಂಡಿ, ಎಣ್ಣೆ ಬೇರೆ ಮಾಡಿ, ಉಳಿದದ್ದನ್ನು ಒಣಗಿಸಿ ಪುಡಿ ಮಾಡುವಾಗ ಬರುವ ವಾಸನೆ ಅದು. ಅಮ್ಮ ಮುಂದೆ ಕೇಳಿದ ಪ್ರಶ್ನೆಯೇ ಈ ಪತ್ರಕ್ಕೆ ಕಾರಣ. "ಇದು ಯಾವ ಮೀನು? ಎಲ್ಲಿಯದ್ದು?" ನಾನು ಗೈಡ್ ಹುಡುಗಿಯನ್ನು ಕೇಳಿದೆ. "ಸುಸ್ಥಿರ ಮೂಲದ ಪ್ರಮಾಣೀಕೃತ ಕಚ್ಚಾವಸ್ತು" ಅಂದಳು. ಪಾಪ, ಅವಳದ್ದೇನೂ ತಪ್ಪಿಲ್ಲ, ಕಲಿಸಿದ್ದನ್ನು ಹೇಳಿದಳು. ಮನೆಗೆ ಬಂದು ಆ ಆಹಾರ ತಯಾರಿಸಿದ ಕಂಪನಿಗೇ ಇಮೇಲ್ ಮಾಡಿದೆ. ಮೂರು ವಾರದ ನಂತರ ಬಂದ ಉತ್ತರದಲ್ಲಿಯೂ ಅದೇ ಮಾತು, ಜೊತೆಗೆ ಒಂದು ಚಂದದ ಪಿಡಿಎಫ್. ಮೀನಿನ ಹೆಸರು ಮಾತ್ರ ಇರಲಿಲ್ಲ. ಆ ಕಂಪನಿಯ ಹೆಸರು ಇಲ್ಲಿ ಬರೆಯುವುದಿಲ್ಲ. ಒಂದು ಕಂಪನಿಯ ಮೇಲಿನ ಸಿಟ್ಟಿಗೆ ಬರೆದ ಪತ್ರ ಇದಲ್ಲ. ಇಂಥ ಉತ್ತರ ಕೊಟ್ಟು ಪಾರಾಗಲು ಬಿಡುವ ವ್ಯವಸ್ಥೆ ನಿಮ್ಮದು, ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಅಂದಿನಿಂದ ರಾತ್ರಿ ಹೊತ್ತು ಕೂತು ಓದಿದ್ದೇನೆ, ಸಚಿವರೇ. ಮೊದಲು ನಿಮ್ಮವರ ಪರವಾಗಿ ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. 1990ರ ಹೊತ್ತಿಗೆ ಸಾಲ್ಮನ್ ಆಹಾರದಲ್ಲಿ ನೂರಕ್ಕೆ ಸುಮಾರು 90 ಪಾಲು ಕಡಲಿನದ್ದೇ ಆಗಿತ್ತು, ಅಂದರೆ ಮೀನಿನ ಪುಡಿ ಮತ್ತು ಮೀನೆಣ್ಣೆ. 2020ಕ್ಕೆ ಅದು ಸುಮಾರು 22ಕ್ಕೆ ಇಳಿದಿದೆ. ಉಳಿದದ್ದರಲ್ಲಿ ಬಹುಪಾಲು ಸೋಯಾ, ಗೋಧಿ, ಸಾಸಿವೆ ಜಾತಿಯ ರೇಪ್‌ಸೀಡ್ ಎಣ್ಣೆಯಂಥ ಗಿಡದ ಸಾಮಗ್ರಿ. ಒಂದು ಕಿಲೋ ಸಾಲ್ಮನ್ ಬೆಳೆಸಲು ಒಂದೂಕಾಲು ಕಿಲೋ ಆಹಾರದ ಆಸುಪಾಸು ಸಾಕು, ದನದ ಮಾಂಸಕ್ಕೆ ಹೋಲಿಸಿದರೆ ಇದು ಏನೂ ಅಲ್ಲ. ಪುಡಿ ಮತ್ತು ಎಣ್ಣೆಯಲ್ಲಿ ಒಂದಷ್ಟು ಭಾಗ ಇಡೀ ಮೀನಿನಿಂದ ಬಂದದ್ದೂ ಅಲ್ಲ, ಮೀನು ಕತ್ತರಿಸಿದ ಮೇಲೆ ಉಳಿದ ತಲೆ, ಮುಳ್ಳು, ಕರುಳಿನಿಂದ ಮಾಡಿದ್ದು. ಇದೆಲ್ಲ ನಿಜ, ಒಳ್ಳೆಯದೇ.

ಆದರೆ ಈ ನೂರಕ್ಕೆ ಇಷ್ಟು ಎನ್ನುವ ಲೆಕ್ಕದಲ್ಲೇ ಒಂದು ಕಣ್ಕಟ್ಟು ಇದೆ. ಮೀನೆಣ್ಣೆಯನ್ನೇ ತಗೊಳ್ಳಿ. 1990ರಲ್ಲಿ ಆಹಾರದ ನೂರಕ್ಕೆ 24 ಪಾಲು, 2020ರಲ್ಲಿ ನೂರಕ್ಕೆ 10. ಅರ್ಧಕ್ಕಿಂತ ಕಮ್ಮಿ ಆಯಿತಲ್ಲ, ಭೇಷ್ ಅನಿಸುತ್ತದೆ. ಆದರೆ ಅದೇ ಮೂವತ್ತು ವರ್ಷಗಳಲ್ಲಿ ನಾರ್ವೆಯ ಸಾಲ್ಮನ್ ಸುಮಾರು ಒಂದೂವರೆ ಲಕ್ಷ ಟನ್‌ನಿಂದ ಹದಿನಾಲ್ಕು ಲಕ್ಷ ಟನ್ ಮುಟ್ಟಿದೆ. 2020ರಲ್ಲಿ ಆಹಾರಕ್ಕೆ ಬಳಸಿದ ಸಾಮಗ್ರಿ ಒಟ್ಟು ಸುಮಾರು 20 ಲಕ್ಷ ಟನ್, ಅದರ ನೂರಕ್ಕೆ 10 ಅಂದರೆ ಎರಡು ಲಕ್ಷ ಟನ್ ಮೀನೆಣ್ಣೆ. ಪಾಲು ಇಳಿಯಿತು, ಎಣ್ಣೆ ಇಳಿಯಲಿಲ್ಲ, ಏರಿತು. ನಮ್ಮಲ್ಲಿ ಚಿಕ್ಕ ಮನೆಯವ "ಊಟದ ಖರ್ಚು ಸಂಬಳದ ಅರ್ಧ ಆಗುತ್ತೆ" ಅಂತ ಗೋಳಾಡುತ್ತಾನೆ, ಅದೇ ಮನುಷ್ಯನ ಸಂಬಳ ಹತ್ತು ಪಟ್ಟಾದ ಮೇಲೆ "ಈಗ ಊಟಕ್ಕೆ ಸಂಬಳದ ಹತ್ತನೇ ಒಂದು ಭಾಗ ಅಷ್ಟೆ" ಅನ್ನುತ್ತಾನೆ. ಅವನು ಉಪವಾಸ ಇದ್ದಾನೆ ಅಂತ ಯಾರೂ ತಿಳಿಯುವುದಿಲ್ಲ.

ಮೀನೆಣ್ಣೆ ಎಷ್ಟು ಕಷ್ಟದ ಮಾಲು ಅಂತ ಕರಾವಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಸಾಧಾರಣವಾಗಿ ನೂರು ಕಿಲೋ ಸಣ್ಣ ಮೀನು ಹಿಂಡಿದರೆ ಇಪ್ಪತ್ತೆರಡು ಕಿಲೋದಷ್ಟು ಪುಡಿ ಸಿಗುತ್ತದೆ, ಎಣ್ಣೆ ಸಿಗುವುದು ಐದು ಕಿಲೋ. ಕೊಬ್ಬಿದ ಮೀನಾದರೆ ಸ್ವಲ್ಪ ಜಾಸ್ತಿ. ಪುಡಿಯ ಬದಲು ಸೋಯಾ ಹಾಕಬಹುದು, ಎಣ್ಣೆಯ ಬದಲು ಸುಮ್ನೆ ಯಾವುದೋ ಎಣ್ಣೆ ಹಾಕಿದರೆ ಆಗುವುದಿಲ್ಲ, ಯಾಕೆಂದರೆ ಸಾಲ್ಮನ್ ಮಾರಾಟವಾಗುವುದೇ ಒಮೆಗಾ-3 ಎಂಬ ಆರೋಗ್ಯಕ್ಕೆ ಒಳ್ಳೆಯ ಕೊಬ್ಬಿನ ಹೆಸರಿನಲ್ಲಿ. 2006ರಿಂದ 2015ರ ನಡುವೆ ಸ್ಕಾಟ್‌ಲೆಂಡಿನ ಸಾಕು ಸಾಲ್ಮನ್‌ನಲ್ಲಿ ಒಮೆಗಾ-3 ಅರ್ಧದಷ್ಟು ಕುಸಿದಿತ್ತು ಎಂದು ಸ್ಟರ್ಲಿಂಗ್ ವಿಶ್ವವಿದ್ಯಾಲಯದವರು ತೋರಿಸಿದ್ದಾರೆ. ಆಹಾರದಲ್ಲಿ ಗಿಡದ ಎಣ್ಣೆ ಹೆಚ್ಚಿ ಮೀನೆಣ್ಣೆ ಕಮ್ಮಿಯಾದದ್ದೇ ಕಾರಣ. ಹಾಗಾಗಿ ಕಂಪನಿಗಳು ಮೀನೆಣ್ಣೆಯ ಬೆನ್ನು ಬಿಡುವುದಿಲ್ಲ. 2023ರಲ್ಲಿ ಎಲ್ ನಿನೋ (ಪೆಸಿಫಿಕ್ ಕಡಲು ಬಿಸಿಯಾಗುವ ವಿದ್ಯಮಾನ) ಬಂತು, ಪೆರುವಿನ ಕಡಲಲ್ಲಿ ಮೀನೆಣ್ಣೆಗೆ ಬಳಸುವ ಆಂಚೊವೆಟಾ ಎಂಬ ಸಣ್ಣ ಮೀನಿನ ಬರೀ ಮರಿಗಳೇ ಕಂಡವು, ಅಲ್ಲಿನ ಸರ್ಕಾರ ಉತ್ತರ-ಮಧ್ಯ ಭಾಗದ ಮೊದಲ ಹಂಗಾಮನ್ನೇ ರದ್ದು ಮಾಡಿತು. ಮೀನೆಣ್ಣೆಯ ಬೆಲೆ ಹಿಂದೆಂದೂ ಇಲ್ಲದಷ್ಟು ಏರಿತು. ಒಂದು ಕಡಲಲ್ಲಿ ಎಣ್ಣೆ ಸಿಗದಿದ್ದಾಗ ಕೊಳ್ಳುವವರು ಇನ್ನೊಂದು ಕಡಲಿನ ಕಡೆ ನೋಡುತ್ತಾರೆ. ಆ ಇನ್ನೊಂದು ಕಡಲು ಪಶ್ಚಿಮ ಆಫ್ರಿಕಾದ್ದು.

ಅಲ್ಲಿನ ಕತೆ ಓದುವಾಗ ನನ್ನ ನಿದ್ದೆಯೇ ಹಾರಿಹೋಯಿತು. ಸೆನೆಗಲ್, ಮೌರಿಟೇನಿಯಾ, ಗ್ಯಾಂಬಿಯಾ. ಈ ಮೂರೂ ದೇಶಗಳ ತೀರದಲ್ಲಿ ಓಡಾಡುವ ಒಂದೇ ಮೀನು, ಸೆನೆಗಲ್‌ನವರು ಅದನ್ನು ಯಾಬೋಯ್ ಅನ್ನುತ್ತಾರೆ, ವಿಜ್ಞಾನಿಗಳಿಗೆ ಅದು ಸಾರ್ಡಿನೆಲ್ಲಾ. ನಮ್ಮ ಬೂತಾಯಿಯ ಹೆಸರೂ ಸಾರ್ಡಿನೆಲ್ಲಾ, ಸಾರ್ಡಿನೆಲ್ಲಾ ಲಾಂಗಿಸೆಪ್ಸ್. ಕುಂದಾಪುರದ ಕಡೆ ಬೈಗೆ, ಕಾರವಾರದ ಕಡೆ ತಾರ್ಲೆ. ಅಂದರೆ ಯಾಬೋಯ್ ನಮ್ಮ ಬೂತಾಯಿಯ ದಾಯಾದಿ. ಬೂತಾಯಿ ಪುಳಿಮುಂಚಿ ನಮಗೆ ಹೇಗೋ ಅವರಿಗೆ ಅನ್ನದ ಜೊತೆ ಯಾಬೋಯ್ ಹಾಗೆ. ಬಡವರ ಮೀನು, ದಿನದ ಮೀನು. ಗಂಡಸರು ಉದ್ದದ ಬಣ್ಣದ ದೋಣಿಗಳಲ್ಲಿ ಹಿಡಿದು ತರುತ್ತಾರೆ, ಹೆಂಗಸರು ಹೊಗೆ ಹಾಕಿ, ಉಪ್ಪು ಹಾಕಿ ಒಣಗಿಸಿ ಒಳನಾಡಿಗೆ ಮಾರುತ್ತಾರೆ. ಫಿಶ್‌ಮಿಲ್ ಬಂದ ಮೇಲೆ ಮೀನು ಅಲ್ಲಿಗೆ ಹೋಗುತ್ತದೆ, ಯಾಕೆಂದರೆ ಅದು ಎಷ್ಟು ತಂದರೂ ಕೊಳ್ಳುತ್ತದೆ. ಆ ಹೆಂಗಸರ ಪಾಡು ಓದಿದಾಗ ನನಗೆ ಕಂಡದ್ದು ಅಮ್ಮನ ಬುಟ್ಟಿ. ಹರಾಜಿನಲ್ಲಿ ದೊಡ್ಡ ಗಿರಾಕಿ ಎದುರು ನಿಂತರೆ ಬುಟ್ಟಿಯವಳಿಗೆ ಏನು ಸಿಗುತ್ತದೆ ಹೇಳಿ?

ಗ್ಯಾಂಬಿಯಾದ ಗುಂಜೂರ್ ಎಂಬ ಹಳ್ಳಿಯಲ್ಲಿ 2017ರ ಮೇ ತಿಂಗಳಲ್ಲಿ ಫಿಶ್‌ಮಿಲ್ ಪಕ್ಕದ ಹಿನ್ನೀರು ಕೆಂಪಾಯಿತು, ಮೀನು ಸತ್ತು ತೇಲಿದವು. ಅಲ್ಲಿನ ಸರ್ಕಾರಿ ಪರಿಸರ ಸಂಸ್ಥೆ ಕೋರ್ಟಿಗೂ ಹೋಗಿ ಆಮೇಲೆ ಹೊರಗೆ ರಾಜಿ ಮಾಡಿಕೊಂಡಿತು. ಅದು ನಿಮ್ಮ ದೇಶದವರ ಮಿಲ್ ಅಲ್ಲ, ಗೊತ್ತಿದೆ. ಆದರೆ ಮೀನಿಗೆ ಗಡಿ ಇಲ್ಲ ಅಲ್ವಾ? ಗುಂಜೂರಿನ ಬಲೆಗೆ ಬೀಳುವುದೂ ಮೌರಿಟೇನಿಯಾದ ಬಲೆಗೆ ಬೀಳುವುದೂ ಒಂದೇ ಹಿಂಡು. ಮೌರಿಟೇನಿಯಾದ ಮೀನೆಣ್ಣೆ ನಾರ್ವೆಯ ಆಹಾರ ಕಂಪನಿಗಳಿಗೆ ಬಂದಿದೆ ಎನ್ನುವುದು ಆ ಕಂಪನಿಗಳ ವರದಿಗಳಲ್ಲೇ ಇದೆ. ಅಲ್ಲಿನ ಸಾರ್ಡಿನೆಲ್ಲಾ ಅತಿಯಾಗಿ ಹಿಡಿಯಲ್ಪಟ್ಟಿದೆ ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಎಫ್‌ಎಒ ವರ್ಷಗಳಿಂದ ಹೇಳುತ್ತಲೇ ಇದೆ. 2021ರಲ್ಲಿ ಗ್ರೀನ್‌ಪೀಸ್ ಮತ್ತು ಚೇಂಜಿಂಗ್ ಮಾರ್ಕೆಟ್ಸ್ ಎಂಬ ಪರಿಸರ ಹೋರಾಟದ ಸಂಸ್ಥೆಗಳು ಲೆಕ್ಕ ಹಾಕಿದ ಹಾಗೆ, ಪಶ್ಚಿಮ ಆಫ್ರಿಕಾದಿಂದ ವರ್ಷಕ್ಕೆ ಐದು ಲಕ್ಷ ಟನ್‌ಗಿಂತ ಹೆಚ್ಚು ಮೀನು ಹೀಗೆ ಪುಡಿ, ಎಣ್ಣೆ ಆಗುತ್ತದೆ. ಅದು 3.3 ಕೋಟಿ ಜನರ ಊಟವಾಗಬಹುದಿತ್ತಂತೆ. ಹೋರಾಟಗಾರರ ಲೆಕ್ಕ ಅಂತ ನಿಮ್ಮವರು ಮೂಗು ಮುರಿಯಬಹುದು. ಸರಿ, ಅರ್ಧ ಮಾಡಿ. ಆಗಲೂ ನಿಮ್ಮ ದೇಶದ ಮೂರು ಪಟ್ಟು ಜನ.

ನಾನು ಕಂಡದ್ದನ್ನೂ ಹೇಳಬೇಕು. ನಮ್ಮ ಮೀನಿನ ಪುಡಿ ಹೆಚ್ಚಾಗಿ ಹೋಗುವುದು ಆಂಧ್ರದ ಸಿಗಡಿ ಕೆರೆಗಳಿಗೆ, ಚೀನಾ, ವಿಯೆಟ್ನಾಂ ಕಡೆಗೆ. ಅದರ ಪಾಪ ನಿಮ್ಮ ತಲೆಗೆ ಕಟ್ಟುತ್ತಿಲ್ಲ. ಆದರೆ ಇದರ ಕೊನೆ ಹೇಗಿರುತ್ತದೆ ಅಂತ ಗೊತ್ತಿರುವುದು ನಮಗೆ. ಬೆರಳುದ್ದದ ಬೂತಾಯಿ ಮರಿಗಳು ಲಾರಿಗಟ್ಟಲೆ ಫಿಶ್‌ಮಿಲ್ಲಿಗೆ ಹೋಗುವುದನ್ನು ಬಂದರಿನಲ್ಲಿ ನಿಂತು ನೋಡಿದ್ದೇನೆ. ತಿನ್ನಲು ಆಗದ ಮೀನು, ಹೇಗೂ ಹಾಳಾಗುತ್ತದೆ ಅನ್ನುತ್ತಿದ್ದರು. ಮರಿಯನ್ನು ಕೊಳ್ಳುವವನು ಇದ್ದಾನೆ ಅಂದ ಮೇಲೆ ಮರಿಯನ್ನು ಬಿಟ್ಟು ಬರುವವರು ಯಾರು? ಪಕ್ಕದ ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಸಿಕ್ಕಿದ ಇದೇ ಮೀನು 2021ರಲ್ಲಿ ಸಿಕ್ಕಿದ್ದು 3,297 ಟನ್. ಅದಕ್ಕೆ ಕಡಲು ಬಿಸಿಯಾದದ್ದು, ಎಲ್ ನಿನೋ ಎಲ್ಲವೂ ಕಾರಣ, ಫಿಶ್‌ಮಿಲ್ ಒಂದನ್ನೇ ದೂರಿದರೆ ಸುಳ್ಳಾಗುತ್ತದೆ. ಆದರೆ ಸಣ್ಣ ಮೀನು ಹಾಗೇ. ಒಂದು ವರ್ಷ ಕಡಲು ತುಂಬ, ಇನ್ನೊಂದು ವರ್ಷ ಮಾಯ. ಅಂಥದ್ದನ್ನು ನಂಬಿ, ವರ್ಷವಿಡೀ ತಪ್ಪದೆ ಮಾಲು ಬೇಡುವ ಉದ್ಯಮ ಕಟ್ಟಿದರೆ, ಮೀನು ಕಮ್ಮಿಯಾದ ವರ್ಷ ಮೊದಲು ಖಾಲಿಯಾಗುವುದು ಯಾರ ತಟ್ಟೆ ಅಂತ ನಾವು ನೋಡಿದ್ದೇವೆ.

"ಹಾಗಾದರೆ ಸೋಯಾ ಹಾಕುತ್ತೇವೆ" ಅನ್ನುವುದೂ ಪೂರ್ತಿ ಉತ್ತರ ಅಲ್ಲ. ನಿಮ್ಮ ಸೋಯಾದ ದೊಡ್ಡ ಪಾಲು ಬ್ರೆಜಿಲ್‌ನದ್ದು. ಅಲ್ಲಿಂದ ಸೋಯಾ ಕಳಿಸುವವರಿಂದ 2021ರಲ್ಲಿ ಕಾಡು ಕಡಿದ ನೆಲದ ಬೆಳೆ ಕೊಡುವುದಿಲ್ಲ ಎಂಬ ಮಾತು ಪಡೆದಿರಿ. ಅದನ್ನು ಮನಸಾರೆ ಮೆಚ್ಚುತ್ತೇನೆ, ಅದನ್ನೇ ಇಲ್ಲಿ ಸಾಕ್ಷಿಯಾಗಿಯೂ ಇಡುತ್ತೇನೆ. ಕೊಳ್ಳುವವರು ಗಟ್ಟಿಯಾಗಿ ನಿಂತು ಕೇಳಿದರೆ ಸಾವಿರಾರು ಮೈಲಿ ಆಚೆಯ ಹೊಲದ ಲೆಕ್ಕ ಸಿಗುತ್ತದೆ. ಹಾಗಿದ್ದ ಮೇಲೆ ದೋಣಿಯ ಲೆಕ್ಕ ಯಾಕೆ ಸಿಗುವುದಿಲ್ಲ?

ಸಾಲ್ಮನ್ ಆಹಾರಕ್ಕೂ ಹೋಗುವ ಅಂಟಾರ್ಟಿಕದ ಕ್ರಿಲ್ (ಸಿಗಡಿಯಂಥ ಪುಟ್ಟ ಜೀವಿ) ಬಗ್ಗೆ ಒಂದೇ ಮಾತು. 2025ರಲ್ಲಿ ಅಲ್ಲಿ 6.2 ಲಕ್ಷ ಟನ್ನಿನ ಮಿತಿ ಹಂಗಾಮು ಮುಗಿಯುವ ಮೊದಲೇ ಮುಟ್ಟಿ, ಹಿಡಿಯುವುದನ್ನು ನಿಲ್ಲಿಸಬೇಕಾಯಿತು. ಹಿಡಿದವರಲ್ಲಿ ದೊಡ್ಡ ಪಾಲು ನಿಮ್ಮ ದೇಶದ ಹಡಗುಗಳದ್ದೇ. ನಿಮ್ಮ ಮನೆ ಮುಂದಿನ ಕಡಲಿನಲ್ಲೂ ಅಷ್ಟೆ. ಬ್ಲೂ ವೈಟಿಂಗ್, ಹೆರಿಂಗ್, ಬಂಗುಡೆಯ ಪಾಲು ಹಂಚಿಕೊಳ್ಳಲಾಗದೆ ನೀವೂ ನೆರೆಯವರೂ ಜಗಳವಾಡಿ, 2019 ಮತ್ತು 2020ರಲ್ಲಿ ಆ ಮೀನುಗಳಿಗೆ ಸುಸ್ಥಿರ ಮೀನುಗಾರಿಕೆ ಎಂದು ಕೊಡುವ ಎಂಎಸ್‌ಸಿ ಪ್ರಮಾಣಪತ್ರಗಳೇ ಹೋದವು. ಅಣ್ಣತಮ್ಮಂದಿರ ಗದ್ದೆ ಜಗಳದ ಹಾಗೆ.

ಈಗ ಅಸಲು ವಿಷಯಕ್ಕೆ ಬರುತ್ತೇನೆ. 2034ರೊಳಗೆ ಸಾಕುಮೀನು ಮತ್ತು ಜಾನುವಾರುಗಳ ಆಹಾರವೆಲ್ಲ ಸುಸ್ಥಿರ ಮೂಲಗಳಿಂದಲೇ ಬರಬೇಕು ಎಂದು ನಿಮ್ಮ ಸರ್ಕಾರ ಗುರಿ ಇಟ್ಟಿದೆ. ದೊಡ್ಡ ಮಾತು. ಆದರೆ "ಸುಸ್ಥಿರ" ಅಂದರೆ ಏನು? ನಾನು ಓದಿದ ಪ್ರಮಾಣಪತ್ರಗಳ ನಿಯಮಗಳು ಹೆಚ್ಚಾಗಿ ನೋಡುವುದು ಕಡಲಿನಲ್ಲಿ ಮೀನು ಎಷ್ಟು ಉಳಿದಿದೆ, ಕಾನೂನಿನ ಪ್ರಕಾರ ಹಿಡಿದರೋ ಇಲ್ಲವೋ ಎಂದು. ಆ ಮೀನು ಪಂಜರಕ್ಕೆ ಹೋಗುವ ಮೊದಲು ಯಾರ ತಟ್ಟೆಗೆ ಹೋಗುತ್ತಿತ್ತು ಎಂಬ ಪ್ರಶ್ನೆ ಮೂಲೆ ಸೇರುತ್ತದೆ. ಜಗತ್ತಿನಲ್ಲಿ ಪುಡಿಗೆ, ಎಣ್ಣೆಗೆ ಹೋಗುವ ಮೀನಿನಲ್ಲಿ ನೂರಕ್ಕೆ 90 ಮನುಷ್ಯರು ತಿನ್ನಬಹುದಾದ ಮೀನೇ ಎಂದು 2017ರ ಒಂದು ಅಧ್ಯಯನ ಹೇಳಿದೆ. ಲೆಕ್ಕದಲ್ಲಿ ಕಡಲು ಸುಸ್ಥಿರವಾಗಿದ್ದು ಊರು ಹಸಿದಿದ್ದರೆ ಅದಕ್ಕೆ ಯಾವ ಮುದ್ರೆ ಒತ್ತುತ್ತೀರಿ?

ಹಾಗಾಗಿ ನನ್ನ ಕೋರಿಕೆ ಇಷ್ಟು.

ನಿಮ್ಮ ದೇಶದ ಸಾಲ್ಮನ್ ಆಹಾರದಲ್ಲಿ ಹೆಚ್ಚುಕಮ್ಮಿ ಎಲ್ಲವನ್ನೂ ತಯಾರಿಸುವುದು ನಾಲ್ಕೇ ಕಂಪನಿಗಳು: ಸ್ಕ್ರೆಟಿಂಗ್, ಕಾರ್ಗಿಲ್, ಬಯೋಮಾರ್, ಮೋವಿ. ನಾಲ್ಕು ಜನರನ್ನು ಕೂರಿಸಿ ಲೆಕ್ಕ ಕೇಳುವುದು ಕಷ್ಟವೇನಲ್ಲ. ಈಗ ಅವರವರ ವರದಿಯಲ್ಲಿ ಅವರವರಿಗೆ ತೋಚಿದ ಹಾಗೆ ಬರೆಯುತ್ತಾರೆ. ಅದು ಬೇಡ. ಯಾವ ಮೀನು, ಯಾವ ಕಡಲು, ಯಾವ ದೇಶದ ಮಿಲ್, ಇಡೀ ಮೀನೋ ಅಥವಾ ಕತ್ತರಿಸಿ ಉಳಿದದ್ದೋ, ಎಷ್ಟು ಟನ್ ಅಂತ ವರ್ಷ ವರ್ಷ ಒಂದೇ ನಮೂನೆಯಲ್ಲಿ ಜನರ ಮುಂದೆ ಇಡಬೇಕು ಎಂದು ಕಾನೂನು ಮಾಡಿ. ನೂರಕ್ಕೆ ಇಷ್ಟು ಅಂತ ಬೇಡ, ಟನ್ನಿನಲ್ಲಿ ಇರಲಿ.

2034ರ ಗುರಿಯ ವ್ಯಾಖ್ಯೆಯಲ್ಲೇ ಒಂದು ಸಾಲು ಸೇರಿಸಿ. ತೀರದ ಜನ ದಿನಾ ತಿನ್ನುವ ಮೀನು, ಅದೂ ಅತಿಯಾಗಿ ಹಿಡಿದಾಗಿದೆ ಎಂದು ಎಫ್‌ಎಒ ಹೇಳಿದ ಮೀನು, ಸಾಲ್ಮನ್ ಆಹಾರಕ್ಕೆ ಬರುವಂತಿಲ್ಲ. "ಸುಧಾರಣಾ ಯೋಜನೆ ನಡೆಯುತ್ತಿದೆ, ಅಲ್ಲಿಯವರೆಗೆ ಕೊಳ್ಳುತ್ತೇವೆ" ಅನ್ನುವ ಸಬೂಬು ಬೇಡ. ಮೊದಲು ಸುಧಾರಿಸಲಿ, ಆಮೇಲೆ ಕೊಳ್ಳಿ.

ಇನ್ನೊಂದು, ನಿಮ್ಮ ಟ್ರಾಫಿಕ್ ಲೈಟ್ ಪದ್ಧತಿ. ಕರಾವಳಿಯನ್ನು 13 ವಲಯ ಮಾಡಿದ್ದೀರಿ, 2017ರಿಂದ ಹಸಿರು, ಹಳದಿ, ಕೆಂಪು ಅಂತ ಗುರುತಿಸಿ, ಹಸಿರು ವಲಯದವರಿಗೆ ಹೆಚ್ಚು ಸಾಕಲು ಅನುಮತಿ ಕೊಡುತ್ತೀರಿ. ಆ ದೀಪ ನೋಡುವುದು ಒಂದನ್ನೇ, ಮೀನಿನ ಮೈಗೆ ಅಂಟಿ ಬದುಕುವ ಸಾಲ್ಮನ್ ಹೇನು ಕಾಡು ಸಾಲ್ಮನ್‌ಗೆ ಎಷ್ಟು ತೊಂದರೆ ಕೊಡುತ್ತದೆ ಎಂದು. ನಿಮ್ಮ ಹೊಳೆಯ ಮೀನಿನ ಮೇಲೆ ಇಷ್ಟು ಕಾಳಜಿ ಇರುವುದು ಸಂತೋಷ. ಉದ್ಯಮ ಬೆಳೆಯಬಹುದೋ ಇಲ್ಲವೋ ಎಂದು ತೀರ್ಮಾನಿಸುವಾಗ, ಆ ಬೆಳವಣಿಗೆಗೆ ಬೇಕಾದ ಆಹಾರ ಎಲ್ಲಿಂದ ಬರುತ್ತದೆ ಎಂಬುದಕ್ಕೂ ಒಂದು ದೀಪ ಇಡಿ.

ಮತ್ತೆ, ಪಾಚಿ. ಒಮೆಗಾ-3 ಅನ್ನು ತಯಾರಿಸುವುದು ಮೀನಲ್ಲ, ಪಾಚಿ. ಬೂತಾಯಿಗೆ, ಆಂಚೊವೆಟಾಗೆ ಅದು ಸೇರುವುದೇ ಆ ಕಣ್ಣಿಗೆ ಕಾಣದ ಸಣ್ಣ ಪಾಚಿಯಿಂದ. ಅದನ್ನು ದೊಡ್ಡ ಟ್ಯಾಂಕಿನಲ್ಲಿ ಬೆಳೆಸಿ ನೇರ ಎಣ್ಣೆ ತೆಗೆಯುವ ಫ್ಯಾಕ್ಟರಿ ಅಮೆರಿಕದ ನೆಬ್ರಾಸ್ಕಾದಲ್ಲಿ 2019ರಿಂದ ಇದೆ, ಸಾಲ್ಮನ್‌ಗೆ ಹಾಕಿ ಬೆಳೆಸಿಯೂ ಆಗಿದೆ. ಆದರೂ 2020ರಲ್ಲಿ ನಿಮ್ಮ ಆಹಾರದಲ್ಲಿ ಪಾಚಿ, ಹುಳದ ಪುಡಿ ಎಲ್ಲ ಹೊಸ ಸಾಮಗ್ರಿ ಸೇರಿ ನೂರಕ್ಕೆ 0.4 ಮಾತ್ರ. ದುಬಾರಿ ಅನ್ನುತ್ತಾರೆ. ಯಾಬೋಯ್ ಅಗ್ಗವಾಗಿ ಸಿಗುವವರೆಗೆ ಪಾಚಿ ದುಬಾರಿಯಾಗಿಯೇ ಇರುತ್ತದೆ. ಪೆಟ್ರೋಲ್ ಕಾರು ಓಡುತ್ತಿದ್ದ ದೇಶದಲ್ಲಿ ಒಂದಕ್ಕೆ ತೆರಿಗೆ ಹಾಕಿ, ಇನ್ನೊಂದಕ್ಕೆ ತೆರಿಗೆ ಬಿಟ್ಟು ಎಲೆಕ್ಟ್ರಿಕ್ ಕಾರು ತಂದವರು ನೀವು. ಇದು ನಿಮ್ಮಿಂದ ಆಗುವುದಿಲ್ಲ ಅಂದರೆ ನಾನು ನಂಬುವುದಿಲ್ಲ.

ಈ ಪತ್ರದ ಒಂದು ಪ್ರತಿಯನ್ನು ಕರ್ನಾಟಕದ ಮೀನುಗಾರಿಕೆ ಇಲಾಖೆಗೂ ಕಳಿಸುತ್ತಿದ್ದೇನೆ. ನಿಮಗೆ ಕೇಳಿದ್ದನ್ನೇ ಅವರಿಗೂ ಕೇಳಬೇಕಾಗಿದೆ, ಮರಿಮೀನಿನ ಲಾರಿಗಳ ವಿಷಯದಲ್ಲಿ. ಬೇರೆಯವರ ಅಂಗಳ ಗುಡಿಸಲು ಹೊರಟವನು ಅಂತ ನಾಳೆ ಯಾರೂ ನನ್ನನ್ನು ಅನ್ನಬಾರದು ನೋಡಿ.

ಅಮ್ಮ ಊರಿಗೆ ವಾಪಸು ಹೋಗಿ ತಿಂಗಳುಗಳೇ ಆದವು. ಮೊನ್ನೆ ಫೋನ್ ಮಾಡಿದಾಗ ಬೂತಾಯಿ ಈ ವರ್ಷ ಪರವಾಗಿಲ್ಲ ಅಂದರು, ಆಮೇಲೆ "ಆ ಗುಳಿಗೆ ಯಾವ ಮೀನಿನದ್ದಂತೆ? ಉತ್ತರ ಬಂತಾ?" ಅಂತ ಕೇಳಿದರು. ಇನ್ನೂ ಬಂದಿಲ್ಲ ಅಂದೆ. ನೀವು ಉತ್ತರ ಬರೆಯುವಾಗ ಮೀನಿನ ಹೆಸರನ್ನು ದಯವಿಟ್ಟು ಲ್ಯಾಟಿನ್‌ನಲ್ಲೂ ಹಾಕಿಸಿ. ನಮ್ಮ ಊರಿನಲ್ಲಿ ಅದಕ್ಕೆ ಏನನ್ನುತ್ತಾರೆ ಅಂತ ಅಮ್ಮನಿಗೆ ನಾನು ಹೇಳುತ್ತೇನೆ.

ಇತಿ,
ಬರ್ಗೆನ್‌ನಲ್ಲಿರುವ ಮಲ್ಪೆಯವನು